ಮಲ್ಪೆ ದ್ವೀಪಕ್ಕೆ ಮಕ್ಕಳನ್ನು ಕಳಿಸಿ, ಆದರೆ ಹೀಗಲ್ಲ

ಡಿಸೆಂಬರ್ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಶಾಲೆಗಳಿಂದ ಟೂರ್ ಬಸ್ಸುಗಳು ಹೊರಡುತ್ತವೆ. ರಾತ್ರಿ ಊಟ ಮುಗಿಸಿ ಹತ್ತಿದರೆ ಹಾಸನ, ಶಿರಾಡಿ ಘಾಟಿ, ಬೆಳಗ್ಗೆ ಧರ್ಮಸ್ಥಳ. ಎರಡು ದಿನಕ್ಕೆ ಏಳೆಂಟು ಜಾಗ. ಸಮುದ್ರಕ್ಕೆ ಉಳಿಯುವುದು ಸಂಜೆಯ ಮುಕ್ಕಾಲು ಗಂಟೆ. ಬಸ್ಸಿನ ಬಾಗಿಲು ತೆಗೆದ ಕೂಡಲೇ ಮಕ್ಕಳು ನೀರಿಗೆ ಓಡುತ್ತಾರೆ, ಮೇಷ್ಟ್ರು ತಲೆ ಎಣಿಸುವಷ್ಟರಲ್ಲಿ ಕತ್ತಲು. ಇದಕ್ಕೆ ನಾವು ಶೈಕ್ಷಣಿಕ ಪ್ರವಾಸ ಅನ್ನುತ್ತೇವೆ.

2024ರ ಡಿಸೆಂಬರ್ 10ರ ಸಂಜೆ ಮುರುಡೇಶ್ವರದಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ 4 ಹೆಣ್ಣುಮಕ್ಕಳು ಅಲೆಗೆ ಸಿಕ್ಕಿ ಸತ್ತರು. ಅವರೂ ನಮ್ಮ ಮಕ್ಕಳಂತೆ ಬಯಲುಸೀಮೆಯವರು. ಆಮೇಲೆ ಬೀಚ್ ಮುಚ್ಚಿದರು. ಟೂರೇ ಬೇಡ ಅನ್ನುವವರೂ ಇದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ಅಪ್ಪ ಅಮ್ಮ ಕಾರು ಮಾಡಿಕೊಂಡು ಕರೆದೊಯ್ಯಲಾಗದ ಮಗುವಿಗೆ ಸಮುದ್ರ ಕಾಣುವುದು ಈ ಒಂದೇ ಬಸ್ಸಿನಿಂದ.

ಮಲ್ಪೆಯನ್ನೇ ನೋಡಿ. ಅಲ್ಲಿಂದ ದೋಣಿ ಹತ್ತಿದರೆ ಸೇಂಟ್ ಮೇರೀಸ್ ದ್ವೀಪ. ಮಳೆಗಾಲದಲ್ಲಿ ದೋಣಿ ಇಲ್ಲ. ಅಲ್ಲಿ ಯಾರೂ ವಾಸವಿಲ್ಲ, ಮರಳಿಗಿಂತ ಚಿಪ್ಪೇ ಹೆಚ್ಚು. ಯಾರೋ ಕಡೆದು ನಿಲ್ಲಿಸಿದಂತೆ ಆರು ಮೂಲೆಯ, ಐದು ಮೂಲೆಯ ಕಲ್ಲುಕಂಬಗಳು ಸಾಲಾಗಿ ನಿಂತಿವೆ. ಉಕ್ಕಿದ ಲಾವಾ ಆರುತ್ತಾ ಕುಗ್ಗಿ ಬಿರುಕು ಬಿಟ್ಟಿದ್ದು ಹಾಗೆ. ನಮ್ಮ ಕೆರೆಯಂಗಳ ಬೇಸಿಗೆಯಲ್ಲಿ ಚೌಕ ಚೌಕ ಸೀಳುತ್ತದಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಸುಮಾರು 8.8 ಕೋಟಿ ವರ್ಷದ ಕಲ್ಲು, ಮಡಗಾಸ್ಕರ್ ನಮ್ಮ ನೆಲದಿಂದ ಬಿಟ್ಟುಹೋದ ಕಾಲದ್ದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆ ಕಂಬಕ್ಕೆ ಒರಗಿ ಸೆಲ್ಫಿ ತೆಗೆದುಕೊಂಡು ಬಂದ ಎಷ್ಟು ಮಕ್ಕಳಿಗೆ ಇದನ್ನು ಯಾರಾದರೂ ಹೇಳಿದ್ದಾರೆ?

ಆ ದ್ವೀಪಕ್ಕೆ ಕೋಕೊನಟ್ ಐಲ್ಯಾಂಡ್ ಎಂಬ ಹೆಸರೂ ಇದೆ. ತೆಂಗಿನ ನಾಡಿನಿಂದ ತೆಂಗಿನ ದ್ವೀಪಕ್ಕೆ ಹೋಗಿ ತೆಂಗಿನ ಮಾತೇ ಆಡದೆ ಬರುತ್ತೇವೆ. ನಮ್ಮ ಮನೆ ನಡೆಸುವ ಮರ ಮೂಲದಲ್ಲಿ ಕಡಲ ದಡದ್ದು. ಮಟ್ಟೆ ಇರುವುದರಿಂದ ಕಾಯಿ ಉಪ್ಪುನೀರಿನಲ್ಲಿ ತೇಲಿ ಇನ್ನೊಂದು ದಡದಲ್ಲಿ ಮೊಳೆಯುತ್ತದೆ. ಆ ಗುಣ ಈಗ ತಿಪಟೂರಿನ ಅಟ್ಟದ ಮೇಲೆ ಉಂಡೆ ಕೊಬ್ಬರಿಯಾಗಿ ತಿಂಗಳುಗಟ್ಟಲೆ ಒಣಗುತ್ತಾ ಕೂತಿದೆ. ಅಲ್ಲಿ ನಿಂತು ಇದನ್ನು ಹೇಳಲು ಐದು ನಿಮಿಷ ಸಾಕು.

ಇನ್ನು ನೀರಿನ ವಿಷಯ. ತೋಟದ ಬಾವಿಯಲ್ಲಿ, ನೊಣವಿನಕೆರೆಯಲ್ಲಿ ಈಜಿದ ಹುಡುಗನಿಗೇ ಅಪಾಯ ಜಾಸ್ತಿ, ಯಾಕೆಂದರೆ ಅವನಿಗೆ ಧೈರ್ಯ ಇದೆ. ಬಾವಿ ನೀರು ಎಳೆಯುವುದಿಲ್ಲ, ಸಮುದ್ರ ಎಳೆಯುತ್ತದೆ. ಅಕ್ಕಪಕ್ಕ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಸುಮ್ಮನಿದ್ದರೆ ಅಲ್ಲಿ ಇಳಿಯಬಾರದು. ದಡಕ್ಕೆ ಬಂದ ನೀರು ಒಳಕ್ಕೆ ವಾಪಸ್ ಹೋಗುವ ದಾರಿ ಅದೇ ಇರಬಹುದು. ಸಿಕ್ಕಿಕೊಂಡರೆ ದಡದ ಕಡೆಗೆ ಗುದ್ದಾಡದೆ ತೇಲಬೇಕು, ಕೈ ಎತ್ತಿ ಕೂಗಬೇಕು, ಸೆಳೆತ ಸಡಿಲವಾದಾಗ ದಡಕ್ಕೆ ಸಮಾನವಾಗಿ ಪಕ್ಕಕ್ಕೆ ಈಜಬೇಕು. ದ್ವೀಪದ ಪಾಚಿಗಲ್ಲು ಬೇರೆ ಜಾರುತ್ತದೆ. ಇದನ್ನು ಬಸ್ಸು ಹೊರಡುವ ಹಿಂದಿನ ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದರೆ ಯಾವ ಖರ್ಚೂ ಇಲ್ಲ.

ತಪ್ಪು ಮೇಷ್ಟ್ರದ್ದು ಮಾತ್ರ ಅಲ್ಲ. "ಇಷ್ಟು ದುಡ್ಡು ಕೊಟ್ಟು ಮೂರೇ ಜಾಗವಾ?" ಎಂದು ಕೇಳಿ ಪಟ್ಟಿ ಉದ್ದ ಮಾಡಿಸಿದವರು ನಾವೇ. ಈ ಸಲ ಎಸ್‌ಡಿಎಂಸಿ ಸಭೆಯಲ್ಲಿ ಟೂರಿನ ಪಟ್ಟಿ ಓದುವಾಗ ಎದ್ದು ಕೇಳಿ: ಸಮುದ್ರಕ್ಕೆ ಬೆಳಗಿನ ಹೊತ್ತು ಕೊಟ್ಟಿದ್ದೀರಾ? ಲೈಫ್‌ಗಾರ್ಡ್ ಇರುವ ಜಾಗವೇ? ಮಕ್ಕಳಿಗಿಂತ ಮುಂದೆ ನೀರಿನಲ್ಲಿ ನಿಲ್ಲುವ ದೊಡ್ಡವರು ಯಾರು, ಎಷ್ಟು ಜನ? ಉತ್ತರ ಬರುವ ತನಕ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ.