ಮೂಗಿಗಿಂತ ಮೂಗುತಿ ಭಾರವಾಗದಿರಲಿ

ಹಳೆಯ ಕಾರನ್ನು ಉಳಿಸಿಕೊಳ್ಳುವುದು ಒಂದು ಹಟ. ಅದರ ಶಕ್ತಿಯನ್ನು ಹೆಚ್ಚಿಸಲು ಹೊರಡುವುದು ಇನ್ನೊಂದು ಹಟ. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ನಮ್ಮ ಗ್ಯಾರೇಜುಗಳಾಗಲಿ, ಮೋಟಾರು ವಾಹನ ಕಾನೂನಾಗಲಿ ಸ್ಪಷ್ಟವಾಗಿ ಹೇಳುತ್ತಿಲ್ಲ. ಹಳೆಯ ಟರ್ಬೊ ಕಾರಿಗೆ ದೊಡ್ಡ ಇಂಟರ್‌ಕೂಲರ್ ಹಾಕಿಸುವ ಪ್ರಶ್ನೆ ಈ ಗೊಂದಲಕ್ಕೆ ಒಳ್ಳೆಯ ನಿದರ್ಶನ.

ಟರ್ಬೊಚಾರ್ಜರ್ ಹೊಸ ಸಂಗತಿಯೇನಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿಯೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಹೊರಹೋಗುವ ಹೊಗೆಯ ಬಲದಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದು ಅದರ ಕೆಲಸ. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದು ಪಂಪಿನ ತುದಿಯನ್ನು ಮುಟ್ಟಿ ನೋಡಿದವರಿಗೆಲ್ಲ ಇದು ಗೊತ್ತು. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ, ಶೇ 70ರಷ್ಟು ದಕ್ಷತೆಯ ಟರ್ಬೊದಿಂದ ಅದು ಹೊರಬೀಳುವುದು ಸುಮಾರು 125 ಡಿಗ್ರಿಯಲ್ಲಿ. ಬಿಸಿಗಾಳಿ ತೆಳು, ಒತ್ತಿದ್ದರ ಲಾಭದ ಒಂದು ಪಾಲು ಹೀಗೆ ಕೈತಪ್ಪುತ್ತದೆ. ನಡುವೆ ಒಂದು ಒಳ್ಳೆಯ ಇಂಟರ್‌ಕೂಲರ್ ಇದ್ದರೆ ಅದೇ ಗಾಳಿ 60 ಡಿಗ್ರಿಯ ಆಸುಪಾಸಿಗೆ ಇಳಿದು, ಸುಮಾರು ಐದನೆಯ ಒಂದರಷ್ಟು ಹೆಚ್ಚು ದಟ್ಟವಾಗುತ್ತದೆ.

2004ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರನ್ನೇ ತೆಗೆದುಕೊಳ್ಳೋಣ. 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 150 ಅಶ್ವಶಕ್ತಿ. ಅದರ ಇಂಟರ್‌ಕೂಲರ್ ಇರುವುದು ಬಂಪರಿನ ಹಿಂದೆ, ಮುಂಚಕ್ರದ ಮುಂದಿನ ಒಂದು ಮೂಲೆಯಲ್ಲಿ, ಗಾತ್ರವೂ ಕಿರಿದು. ನನ್ನ ಬಳಿಯೂ ಈ ಕಾರೊಂದು ಇರುವುದರಿಂದ, ನನ್ನ ಮಾತಿನಲ್ಲಿ ಪಕ್ಷಪಾತವೇನಾದರೂ ಇದ್ದರೆ ಅದು ಕಾರಿನ ಪರವಾದದ್ದೇ ಹೊರತು ವಿರುದ್ಧವಾದದ್ದಲ್ಲ. ಏಪ್ರಿಲಿನ ಬಿಸಿಲಿನಲ್ಲಿ ಬಳ್ಳಾರಿಯ ರಸ್ತೆಯಲ್ಲಿ ಸಾಗುವಾಗ, ಅಥವಾ ಶಿರಾಡಿ ಘಾಟಿಯನ್ನು ಲಾರಿಗಳ ಹಿಂದೆ ನಿಧಾನವಾಗಿ ಏರುವಾಗ ಆ ಪುಟ್ಟ ಪೆಟ್ಟಿಗೆ ತಾನೇ ಕಾದು ಕುಳಿತುಬಿಡುತ್ತದೆ. ಆಗ ಎಂಜಿನ್ನಿನ ಕಂಪ್ಯೂಟರು ನಾಕಿಂಗ್ ತಪ್ಪಿಸಲು ಕಿಡಿಯ ಸಮಯವನ್ನು ಹಿಂದಕ್ಕೆ ತಳ್ಳುತ್ತದೆ; ಶಕ್ತಿ ಕುಗ್ಗುತ್ತದೆ, ಇಂಧನ ಹೆಚ್ಚು ಖರ್ಚಾಗುತ್ತದೆ. ನಮ್ಮ ಬಂಕುಗಳ ಸಾಮಾನ್ಯ ಪೆಟ್ರೋಲು ಬಹುಕಾಲ 91 ಆಕ್ಟೇನಿನದಾಗಿತ್ತು ಎಂಬುದನ್ನು ಗಮನಿಸಿದರೆ ತಣ್ಣನೆಯ ಗಾಳಿಯ ಬೆಲೆ ಇನ್ನಷ್ಟು ಹೆಚ್ಚು. ಡೀಸೆಲ್ ಎಂಜಿನ್ನಿನಲ್ಲಿ ತಂಪು ಗಾಳಿ ದಹನದ ಗರಿಷ್ಠ ತಾಪವನ್ನು ಇಳಿಸಿ ನೈಟ್ರೋಜನ್ ಆಕ್ಸೈಡುಗಳನ್ನೂ ತಗ್ಗಿಸುತ್ತದೆ. ಹೀಗಾಗಿ ಇಂಟರ್‌ಕೂಲರ್ ಬದಲಿಸುವ ಯೋಚನೆ ಬರೀ ಹುಡುಗಾಟಿಕೆ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ.

ಹಾಗೆಂದು ದೊಡ್ಡದೆಲ್ಲವೂ ಒಳ್ಳೆಯದಲ್ಲ. ಕಾರಿನ ಮೂತಿಯುದ್ದಕ್ಕೂ ಹರಡಿಕೊಳ್ಳುವ ಇಂಟರ್‌ಕೂಲರ್ ರೇಡಿಯೇಟರಿಗೂ ಎಸಿಯ ಕಂಡೆನ್ಸರಿಗೂ ಅಡ್ಡಗೋಡೆಯಾಗಿ ನಿಲ್ಲುತ್ತದೆ. ಟರ್ಬೊದ ಗಾಳಿ ತಂಪಾಯಿತು, ಎಂಜಿನ್ನಿನ ನೀರು ಕುದಿಯಿತು ಎಂದರೆ ಸಾಧಿಸಿದ್ದೇನು? ಉದ್ದನೆಯ ಕೊಳವೆಗಳನ್ನೂ ಅಗಲವಾದ ಪೆಟ್ಟಿಗೆಯನ್ನೂ ತುಂಬಲು ಗಾಳಿಗೆ ಸಮಯ ಬೇಕು. ಆಕ್ಸಿಲರೇಟರ್ ಒತ್ತಿದ ಮೇಲೆ ಟರ್ಬೊ ಎಚ್ಚರಗೊಳ್ಳುವುದು ತಡವಾಗುತ್ತದೆ. ಒಳಗಿನ ಜಾಲರಿ ಕಳಪೆಯಾಗಿದ್ದರೆ ಒತ್ತಡ ದಾರಿಯಲ್ಲಿಯೇ ಸೋರಿದಂತಾಗಿ, ಅದನ್ನು ಸರಿದೂಗಿಸಲು ಟರ್ಬೊ ಇನ್ನಷ್ಟು ದುಡಿಯಬೇಕಾಗುತ್ತದೆ. ಇನ್ನು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕಾರಿಗೆ ಎಂಥ ಇಂಟರ್‌ಕೂಲರ್ ಇದ್ದರೇನು? ಗಾಳಿ ಬೀಸದ ಕಡೆ ಅದು ಬರೀ ಅಲ್ಯೂಮಿನಿಯಂ ಪೆಟ್ಟಿಗೆ. ಇವೆಲ್ಲಕ್ಕಿಂತ ಗಂಭೀರವಾದದ್ದು, ಜಾಗ ಸಾಲದೆಂದು ಬಂಪರಿನ ಹಿಂದಿರುವ ಉಕ್ಕಿನ ಅಡ್ಡಪಟ್ಟಿಯನ್ನು ಕತ್ತರಿಸುವುದು. ಡಿಕ್ಕಿಯಾದಾಗ ಮೊದಲ ಪೆಟ್ಟನ್ನು ತಿನ್ನುವುದು ಆ ಪಟ್ಟಿ. ಹತ್ತಿಪ್ಪತ್ತು ಅಶ್ವಶಕ್ತಿಗಾಗಿ ಅದನ್ನು ಬಲಿಕೊಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಆದ್ದರಿಂದ ಹೊಸದನ್ನು ಕೊಳ್ಳುವ ಮುನ್ನ ಹಳೆಯದನ್ನು ಪರೀಕ್ಷಿಸಬೇಕೆಂಬುದು ನನ್ನ ಸಲಹೆ. ಇಪ್ಪತ್ತು ವರ್ಷದ ಇಂಟರ್‌ಕೂಲರಿನ ಹೊರಗೆ ಮಣ್ಣು ಮೆತ್ತಿರುತ್ತದೆ, ರೆಕ್ಕೆಗಳು ಬಾಗಿರುತ್ತವೆ, ಒಳಗೆ ಎಣ್ಣೆಯ ಪದರ ಕಟ್ಟಿರುತ್ತದೆ. ಎಣ್ಣೆ ಧಾರಾಳವಾಗಿದ್ದರೆ ಕಾಯಿಲೆ ಟರ್ಬೊದ್ದೋ ಕ್ರ್ಯಾಂಕ್‌ಕೇಸಿನ ಗಾಳಿಕೊಳವೆಯದ್ದೋ ಇರಬಹುದು. ಇಂಟರ್‌ಕೂಲರ್ ಬದಲಿಸಿದರೆ ಅದು ವಾಸಿಯಾಗದು. ಬಿರುಕುಬಿಟ್ಟ ಒಂದು ರಬ್ಬರ್ ಹೋಸ್ ಕಾರಿನ ಅರ್ಧ ಉತ್ಸಾಹವನ್ನು ಹೊರಗೆ ಊದಿಬಿಡುತ್ತಿರುತ್ತದೆ. ಒತ್ತಡ ಹಾಕಿ ಸೋರಿಕೆ ನೋಡಿ, ಸ್ವಚ್ಛಗೊಳಿಸಿ, ಹೋಸ್ ಬದಲಿಸಿದ ಮೇಲೂ ತಾಪ ಇಳಿಯದಿದ್ದರೆ ಆಗ ದೊಡ್ಡದರ ಮಾತು. ಆಗಲೂ ಅದನ್ನು ಬೂಸ್ಟ್ ಏರಿಸುವುದಕ್ಕೆ ಪೀಠಿಕೆಯಾಗಿ ಬಳಸಬಾರದು. ಮುಪ್ಪಾದ ಕ್ಲಚ್ಚು, ಗೇರ್‌ಬಾಕ್ಸ್, ಬ್ರೇಕುಗಳು ಆ ಹೊಸ ಯೌವನವನ್ನು ತಾಳಲಾರವು.

ಈಗ ಕಾನೂನಿನ ವಿಚಾರ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವನ್ನೇ ಬದಲಿಸುವಂಥ ರಚನೆಯ ಬದಲಾವಣೆ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸಕೂಡದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ನೋಂದಣಿ ಪತ್ರದಲ್ಲಿ ಇಂಟರ್‌ಕೂಲರಿನ ಹೆಸರೇ ಇಲ್ಲ. ಹಾಗಾದರೆ ಅದು ಮೂಲ ಲಕ್ಷಣವೇ, ಕೇವಲ ಬಿಡಿಭಾಗವೇ? ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಹೋದವನಿಗೆ ಈ ಪ್ರಶ್ನೆಯ ಉತ್ತರ ಎದುರಿಗೆ ನಿಂತ ಅಧಿಕಾರಿಯ ವಿವೇಚನೆಯನ್ನು ಅವಲಂಬಿಸಿದೆ. ವಿವೇಚನೆ ವಿಶಾಲವಾದಷ್ಟೂ ಮಧ್ಯವರ್ತಿಗೆ ಜಾಗ ಹೆಚ್ಚು.

ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಅಳವಡಿಸಲು ಇದೇ ಕಾನೂನು ದಾರಿ ತೋರಿಸಿದೆ: ಮಾನ್ಯತೆ ಪಡೆದ ಕಿಟ್, ಅಧಿಕೃತ ಅಳವಡಿಕೆ, ನೋಂದಣಿ ಪತ್ರದಲ್ಲಿ ನಮೂದು. ಇಂಧನವನ್ನೇ ಬದಲಿಸಲು ಸಾಧ್ಯವಾಗಿರುವಾಗ, ಗಾಳಿ ತಣಿಸುವ ಒಂದು ಭಾಗಕ್ಕೆ ಅಂಥದೇ ಸರಳ ವ್ಯವಸ್ಥೆ ಏಕಿರಬಾರದು? ಅಡ್ಡಪಟ್ಟಿಯನ್ನು ಕತ್ತರಿಸಿಲ್ಲ, ಹೊಗೆಯ ಪರೀಕ್ಷೆಯಲ್ಲಿ ಪಾಸಾಗಿದೆ, ವಿಮಾ ಕಂಪನಿಗೆ ತಿಳಿಸಲಾಗಿದೆ ಎಂಬ ಮೂರು ಷರತ್ತುಗಳನ್ನು ಪೂರೈಸಿದವರಿಗೆ ಅನುಮತಿ ಸಿಗಲಿ. ಪೂರೈಸದವರಿಗೆ ದಂಡ ಬೀಳಲಿ. ಚೆನ್ನಾಗಿ ನೋಡಿಕೊಂಡ ಹಳೆಯ ಕಾರು ಗುಜರಿಗೆ ಹೋಗದೆ ಉಳಿಯುವುದರಲ್ಲಿ ನಾಡಿಗೂ ಲಾಭವಿದೆ. ಆ ದಾರಿ ತೆರೆಯುವವರೆಗೆ ಮಾಲೀಕರು ಮೂಗಿನ ಅಳತೆ ನೋಡಿಯೇ ಮೂಗುತಿ ಆರಿಸುವುದು ಲೇಸು.