ಒಂದು ಕಟ್ಟು ಸಂಕಟ

ಅರಿಶಿನದ ಗೆಡ್ಡೆ ಕೊಳೆ ರೋಗ ನಮ್ಮ ಕಡೆಯವರಿಗೆ ಹೊಸದಲ್ಲ. ಎಲೆ ಅಂಚಿನಿಂದ ಹಳದಿಯಾಗುತ್ತಾ ಬರುತ್ತದೆ, ಬುಡ ಮೆತ್ತಗಾಗುತ್ತದೆ, ಎಳೆದರೆ ಗಿಡ ಕೈಗೇ ಬರುತ್ತದೆ. ಅಂಗಡಿಯವನು ಕೊಟ್ಟ ಔಷಧಿ ಸುರಿಯುತ್ತೇವೆ, ನಿಲ್ಲುವುದಿಲ್ಲ. ಯಾಕೆಂದರೆ ಅಲ್ಲಿ ನೀರು ನಿಂತಿದೆ, ಶಿಲೀಂಧ್ರ ಹಿಡಿದಿದೆ, ಕೊಳೆತ ಗೆಡ್ಡೆಗೆ ನೊಣದ ಹುಳುವೂ ಬಿದ್ದಿದೆ. ಒಂದಕ್ಕೊಂದು ದಾರಿ ಮಾಡಿಕೊಟ್ಟಿವೆ. ಬಸಿಗಾಲುವೆ ತೆಗೆಯದೆ ಬರೀ ಔಷಧಿ ಸುರಿದರೆ ದುಡ್ಡು ದಂಡ. ಗಿಡದ ವಿಷಯದಲ್ಲಿ ಇಷ್ಟು ತಿಳಿದಿದ್ದ ನಾನು ನಮ್ಮಣ್ಣನ ವಿಷಯದಲ್ಲಿ ಎರಡು ವರ್ಷ ಕುರುಡನಾಗಿದ್ದೆ. ಕೃಷಿ ಪತ್ರಿಕೆಯಲ್ಲಿ ಕಾಯಿಲೆ ಕತೆ ಯಾಕೆ ಅನ್ನಬೇಡಿ. ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಎಲೆ ಅಡಿಕೆ ಹೊಗೆಸೊಪ್ಪು ಹಾಕದ ಬಾಯಿ ಎಷ್ಟಿವೆ, ನೀವೇ ಎಣಿಸಿ ನೋಡಿ.

ಅಣ್ಣನಿಗೆ 2016ರಲ್ಲಿ ಎಡಗೆನ್ನೆಯ ಒಳಗೆ ಹುಣ್ಣಾಯಿತು. ಮೂರು ತಿಂಗಳು ಹಲ್ಲು ನೋವು ಅಂತಲೇ ಕಳೆದೆವು. ಆಮೇಲೆ ಪರೀಕ್ಷೆ, ಕ್ಯಾನ್ಸರ್ ಅಂದರು. (ಹೊಗೆಸೊಪ್ಪನ್ನು ಮಾತ್ರ ಬೈಯುವವರಿಗೆ ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬರೀ ಅಡಿಕೆಯನ್ನೂ 2004ರ ವರದಿಯಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆಯುವ ಗೆಳೆಯರು ಬೇಸರ ಮಾಡಿಕೊಳ್ಳಬಾರದು.) ಪಟ್ಟಣದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಗಾಯ ಮಾಗಿದ ಮೇಲೆ 30 ಸಲ ಕರೆಂಟು ಇಡಬೇಕು ಅಂದರು. ವಾರಕ್ಕೆ ಐದು ದಿನದಂತೆ ಆರು ವಾರ.

ಮೊದಲೆರಡು ವಾರ ತೊಂದರೆ ಇರಲಿಲ್ಲ. ಮೂರನೇ ವಾರಕ್ಕೆ ಬಾಯೆಲ್ಲ ಬೊಕ್ಕೆ. ಎಂಜಲು ಒಣಗಿತು. ರಾಗಿ ಅಂಬಲಿಯನ್ನೂ ಮೂಗು ಹಿಂಡಿಕೊಂಡು ಕುಡಿಯಬೇಕು. ಉಣ್ಣಲಿಲ್ಲವಾದ್ದರಿಂದ ಮೈ ಇಳಿಯಿತು, ಮೈ ಇಳಿದಿದ್ದಕ್ಕೆ ಸುಸ್ತು, ಹಗಲೆಲ್ಲ ಮಲಗಿ ರಾತ್ರಿ ನಿದ್ದೆ ಇಲ್ಲ. ನಿದ್ದೆಗೆಟ್ಟ ರಾತ್ರಿ ನೋವು ಎರಡರಷ್ಟು. ಬೆಳಿಗ್ಗೆ ಯಾರ ಹತ್ತಿರವೂ ಮಾತಿಲ್ಲ. ಡಾಕ್ಟರು 'ಹೇಗಿದ್ದೀರಿ?' ಅಂತ ಕೇಳುತ್ತಿದ್ದರು, ಅಣ್ಣ 'ಪರವಾಗಿಲ್ಲ ಸ್ವಾಮಿ, ವಸಿ ನೋವು' ಅನ್ನುತ್ತಿದ್ದ. ಎರಡು ನಿಮಿಷ ಆಗುತ್ತಿತ್ತು ಅಷ್ಟೆ. ನೋವಿನ ಮಾತ್ರೆ ಬರೆದು ಮುಂದಿನವರನ್ನು ಕರೆಯುತ್ತಿದ್ದರು. ಹೊರಗೆ ನೂರು ಜನ ಕಾಯುತ್ತಿದ್ದಾಗ ಅವರಾದರೂ ಏನು ಮಾಡಿಯಾರು! ಆದರೆ ನಾನು ಪಕ್ಕದಲ್ಲೇ ನಿಂತಿದ್ದೆ. ಉಣ್ಣುತ್ತಿಲ್ಲ, ಮಲಗುತ್ತಿಲ್ಲ, ಮಾತಾಡುತ್ತಿಲ್ಲ ಅಂತ ನಾನಾದರೂ ಹೇಳಬಹುದಿತ್ತು. ದೊಡ್ಡ ಕಾಯಿಲೆ ಎದುರು ಇವೆಲ್ಲ ಚಿಲ್ಲರೆ ಅಂದುಕೊಂಡೆ.

21ನೇ ಕರೆಂಟಿಗೆ ಅಣ್ಣ ನಿಲ್ಲಿಸಿಬಿಟ್ಟ. 'ಇನ್ನು ಆಗದಿಲ್ಲ ಕನಪ್ಪ, ಸತ್ರೆ ಮನೇಲೇ ಸಾಯ್ತೀನಿ' ಅಂದ. ಬಾಯಿ ಕ್ಯಾನ್ಸರಿಗೆ ಕರೆಂಟನ್ನು ನಡುವೆ ಬಿಟ್ಟರೆ ವಾಸಿಯಾಗುವ ಸಾಧ್ಯತೆ ಕಡಿಮೆಯಾಗುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ. ಅಣ್ಣನನ್ನು ಮನೆಗೆ ಓಡಿಸಿದ್ದು ಗೆಡ್ಡೆಯಲ್ಲ, ನಾವು ಚಿಲ್ಲರೆ ಅಂದುಕೊಂಡ ಆ ಸಂಕಟಗಳ ಕಟ್ಟು.

ಇದು ನಾನು ಕಂಡುಹಿಡಿದ ಸಂಗತಿಯೇನೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ನರ್ಸಿಂಗ್ ಪ್ರಾಧ್ಯಾಪಕಿ ಮೇರಿಲಿನ್ ಡಾಡ್ ಮತ್ತು ಜೊತೆಯವರು 2001ರಲ್ಲೇ ಬರೆದಿದ್ದಾರೆ: ಕ್ಯಾನ್ಸರ್ ರೋಗಿಗೆ ನೋವು, ಸುಸ್ತು, ನಿದ್ದೆಗೇಡು ಬಿಡಿಬಿಡಿಯಾಗಿ ಬರುವುದಿಲ್ಲ, ಗುಂಪಾಗಿ ಬರುತ್ತವೆ, ಗುಂಪಾಗಿಯೇ ನೋಡಬೇಕು ಅಂತ. ಮೂರು ಸಂಕಟ ಕೂಡಿದರೆ ಮೂರರಷ್ಟು ಅಲ್ಲ, ಅದಕ್ಕಿಂತ ಹೆಚ್ಚು. ಎದ್ದು ಓಡಾಡುವ ಶಕ್ತಿ, ಮನೆ ಮಂದಿಯ ಜೊತೆ ಕೂರುವ ಮನಸ್ಸು, ಚಿಕಿತ್ಸೆ ಮುಗಿಸುವ ಹಟ ಎಲ್ಲವನ್ನೂ ಅದು ತಿನ್ನುತ್ತದೆ. ಈ ಮಾತಿಗೆ ಉಲ್ಟಾ ಲೆಕ್ಕವೂ ಇದೆ: ಕಟ್ಟಿನ ಒಂದು ಗಂಟು ಬಿಚ್ಚಿದರೆ ಉಳಿದವೂ ಸಡಿಲವಾಗುತ್ತವೆ.

ನಾನು ಅದನ್ನು ಕಂಡದ್ದು ಮಾತ್ರ ತಡವಾಗಿ. 2017ರ ಕೊನೆಗೆ ಅಣ್ಣನ ಕೆನ್ನೆಯಲ್ಲಿ ಮತ್ತೆ ಗಾಯ ಒಡೆಯಿತು. ಆಗ ಅವನು ತನ್ನ ಚಾಪೆ ಎತ್ತಿಕೊಂಡು ಕೊಟ್ಟಿಗೆಗೆ ಹೋಗಿ ಮಲಗತೊಡಗಿದ. ಸೆಕೆ ಇರಬೇಕು, ಗಾಳಿಗೆ ಹೋಗಿದ್ದಾನೆ ಅಂದುಕೊಂಡೆವು.

ನಮ್ಮ ಪಕ್ಕದ ಜಮೀನನ್ನು ವಯನಾಡಿನವರೊಬ್ಬರು ಶುಂಠಿಗೆ ಗುತ್ತಿಗೆ ಹಿಡಿದಿದ್ದರು. ಕೇರಳದ ಶುಂಠಿಯವರ ಬಗ್ಗೆ ನಮ್ಮಲ್ಲಿ ನಾನಾ ಮಾತಿದೆ, ನೆಲ ಹಾಳು ಮಾಡುತ್ತಾರೆ ಅಂತ. ಇರಲಿ. ಆ ಮನುಷ್ಯ ಅಣ್ಣನನ್ನು ಕೊಟ್ಟಿಗೆಯಲ್ಲಿ ನೋಡಿ ಕೇಳಿದರು, 'ನಿಮ್ಮ ಪಂಚಾಯ್ತಿ ನರ್ಸ್ ಮನೆಗೆ ಬರುವುದಿಲ್ಲವೇ?' ಅಂತ. ನನಗೆ ಅರ್ಥವೇ ಆಗಲಿಲ್ಲ. ಅವರ ಊರಲ್ಲಿ ವಾಸಿಯಾಗದ ಕಾಯಿಲೆಯವರ ಮನೆಗೆ ನರ್ಸು ಬರುತ್ತಾರಂತೆ, ಊರಿನ ಹುಡುಗರು, ಮೇಷ್ಟ್ರು, ಆಟೋದವರು ಜೊತೆಗಿರುತ್ತಾರಂತೆ. ಕೋಳಿಕ್ಕೋಡಿನಲ್ಲಿ 1993ರಲ್ಲಿ ನಾಲ್ಕಾರು ಮಂದಿಯಿಂದ ಶುರುವಾದ ಕೆಲಸ, 2008ರಲ್ಲಿ ಕೇರಳ ಸರ್ಕಾರದ ನೀತಿಯೇ ಆಯಿತು. ನಮ್ಮ ಚೆಂಡುಹೂವು, ತರಕಾರಿ ದಿನಾ ಬಂಡೀಪುರ ದಾಟಿ ಆ ಕಡೆ ಹೋಗುತ್ತದೆ. ಅಲ್ಲಿಂದ ಈ ಬುದ್ಧಿ ಒಂದು ಮಾತ್ರ ಈ ಕಡೆ ದಾಟಿಲ್ಲ.

ಆ ಮಾತು ಕೇಳಿದ ಮೇಲೆ ವಿಚಾರಿಸಿಕೊಂಡು ಮೈಸೂರಿನಲ್ಲಿ ಇಂಥ ಆರೈಕೆ ಕಲಿತ ಡಾಕ್ಟರೊಬ್ಬರನ್ನು ಕಂಡೆವು. ಇಂಗ್ಲಿಷಿನಲ್ಲಿ ಇದಕ್ಕೆ ಪ್ಯಾಲಿಯೇಟಿವ್ ಕೇರ್ ಅನ್ನುತ್ತಾರೆ. ಉಪಶಾಮಕ ಆರೈಕೆ ಅಂತ ಬರೆಯುತ್ತಾರೆ, ನಮ್ಮ ಮಾತಲ್ಲಿ ಸಂಕಟ ಇಳಿಸುವ ಆರೈಕೆ. ಅವರ ಜೊತೆಗಿದ್ದ ನರ್ಸಮ್ಮ ಅರ್ಧ ಗಂಟೆ ಕೂತು ಒಂದೊಂದೇ ಕೇಳಿದರು. ಕೆನಡಾದ ಎಡ್ಮಂಟನ್‌ನ ಡಾಕ್ಟರುಗಳು 1991ರಲ್ಲಿ ಮಾಡಿದ ಒಂದು ಪಟ್ಟಿಯಂತೆ: ನೋವು, ಸುಸ್ತು, ವಾಕರಿಕೆ, ಹಸಿವು, ಉಸಿರು, ಮಂಪರು, ಬೇಸರ, ಗಾಬರಿ, ಒಟ್ಟಾರೆ ಹೇಗಿದೆ. ಒಂದೊಂದಕ್ಕೂ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ. ಅದರ ಮೇಲೆ ಇವರೇ ನಿದ್ದೆ, ಮಲಬದ್ಧತೆ ಸೇರಿಸಿದರು. ಕೊನೆಗೆ 'ಯಾಕಣ್ಣ ಕೊಟ್ಟಿಗೇಲಿ ಮಲಗ್ತೀರಿ?' ಅಂದರು.

'ಗಾಯ ನಾತ ಬತ್ತದ ಕನವ್ವ, ಮೊಮ್ಮಕ್ಕಳು ಮೂಗು ಮುಚ್ಕತವೆ.'

ಅತ್ತಿಗೆ ಸೆರಗು ಬಾಯಿಗೆ ಇಟ್ಟುಕೊಂಡರು. ಒಂದೇ ಮನೆಯಲ್ಲಿದ್ದ ಏಳು ಜನಕ್ಕೆ ಗೊತ್ತಿರಲಿಲ್ಲ ಅದು.

ಆವತ್ತು ಅಣ್ಣ ಕೊಟ್ಟ ಅಂಕ: ನೋವು 8, ನಿದ್ದೆಗೇಡು 9, ಬೇಸರ 10. ಡಾಕ್ಟರು ಕೊಟ್ಟದ್ದು ಇಷ್ಟೇ. ಬಾಯೊಳಗೆ ಬೆಳ್ಳಗೆ ಕಟ್ಟಿದ್ದು ಬೂಷ್ಟು, ಅದಕ್ಕೆ ಔಷಧಿ. ಉಪ್ಪು, ಅಡಿಗೆ ಸೋಡ ಹಾಕಿದ ನೀರಲ್ಲಿ ಬಾಯಿ ಮುಕ್ಕಳಿಸುವುದು. ನಾತಕ್ಕೆ ಭೇದಿಗೆ ಕೊಡುವ ಮೆಟ್ರೋನಿಡಜೋಲ್ ಮಾತ್ರೆಯನ್ನೇ ಪುಡಿ ಮಾಡಿ ಗಾಯಕ್ಕೆ ಉದುರಿಸುವುದು. ರಾತ್ರಿಗೆ ಒಂದು ಸಣ್ಣ ಮಾತ್ರೆ, ನರದ ನೋವಿಗೂ ನಿದ್ದೆಗೂ ಒಂದೇ. ನೋವಿಗೆ ಮಾರ್ಫಿನ್ ಮಾತ್ರೆ, ನಾಲ್ಕು ಗಂಟೆಗೊಂದು ಸಲ, ಗಡಿಯಾರ ನೋಡಿಕೊಂಡು. ನೋವು ಬಂದ ಮೇಲೆ ನುಂಗುವುದಲ್ಲ, ಬರುವ ಮುಂಚೆ. ಅದರ ಜೊತೆ ಮೊದಲ ದಿನದಿಂದಲೇ ಮಲಬದ್ಧತೆಗೆ ಔಷಧಿ. ಇದನ್ನು ಬಿಟ್ಟರೆ ಮಾರ್ಫಿನ್ನಿನಿಂದ ಹೊಟ್ಟೆ ಕಟ್ಟಿ ಹೊಸ ಸಂಕಟ ಶುರು. ನೀವಾಗಿ ಇವನ್ನೆಲ್ಲ ಅಂಗಡಿಯಿಂದ ತಂದು ಪ್ರಯೋಗ ಮಾಡಬೇಡಿ, ಒಬ್ಬೊಬ್ಬರಿಗೆ ಒಂದೊಂದು ಅಳತೆ.

ಎರಡು ವಾರಕ್ಕೆ ನೋವು 3ಕ್ಕೆ ಬಂತು. ಬೇಸರಕ್ಕೆ ಅವರು ಮಾತ್ರೆ ಕೊಟ್ಟಿರಲಿಲ್ಲ, ಆದರೂ 10 ಇದ್ದದ್ದು 5 ಆಯಿತು. ಚಾಪೆ ಜಗಲಿಗೆ ವಾಪಸು ಬಂತು.

ಮಾರ್ಫಿನ್ ಅಂದಾಗ ಜಗಳ ಮಾಡಿದವನು ನಾನೇ. ಅಫೀಮು ಅಲ್ಲವೇ, ಚಟ ಹಿಡಿಯುತ್ತದೆ, ಬೇಗ ಸಾಯಿಸುತ್ತದೆ ಅಂದೆ. ಡಾಕ್ಟರು ನಕ್ಕರು. ನೋವಿಗೆ ಸರಿಯಾದ ಅಳತೆಯಲ್ಲಿ ಕೊಟ್ಟರೆ ಚಟ ಹಿಡಿಯುವುದು ಅಪರೂಪ. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರುತ್ತದೆ, ಆಮೇಲೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಬಾಯಿ ಮೂಲಕ, ಹೊತ್ತಿಗೆ ಸರಿಯಾಗಿ ಮಾರ್ಫಿನ್ ಕೊಡಿ ಎಂದಿದೆ. ಇನ್ನೊಂದು ವಿಚಿತ್ರ ನೋಡಿ. ಇದು ಬರುವುದು ಗಸಗಸೆ ಕಾಯಿಯ ಹಾಲಿನಿಂದ. ಅದನ್ನು ಲೈಸೆನ್ಸ್ ಪಡೆದು ಬೆಳೆಯುವವರು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ನಮ್ಮಂಥ ರೈತರೇ. ನಮ್ಮ ದೇಶದ ಅಫೀಮು ಹೊರದೇಶದವರ ನೋವು ಇಳಿಸಲು ಹಡಗು ಹತ್ತುತ್ತದೆ. ಇಲ್ಲಿ 1985ರ ಮಾದಕ ವಸ್ತು ಕಾನೂನಿನ ಭಯಕ್ಕೆ ಎಷ್ಟೋ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾನೂನು ತಿದ್ದಿ, ನಾಲ್ಕೈದು ಲೈಸೆನ್ಸ್ ಬದಲು ಒಂದೇ ಅನುಮತಿ ಸಾಕು ಎಂದು ಮಾಡಿದ್ದಾರೆ. ಕಾಗದ ಸಡಿಲವಾದರೂ ಜನರ ಭಯ ಸಡಿಲವಾಗಿಲ್ಲ.

ಆ ಫೆಬ್ರವರಿಯಲ್ಲಿ ಅರಿಶಿನ ಬೇಯಿಸುವಾಗ ಅಣ್ಣ ಒಲೆ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ನಾನು ಸಾಕು ಇಳಿಸಿ ಅಂದರೆ ಕೇಳದೆ, ಕಡ್ಡಿ ಚುಚ್ಚಿ ನೋಡಿ, 'ತಾಯಿಗೆಡ್ಡೆ ಇನ್ನೂ ಬೆಂದಿಲ್ಲ, ಉರಿ ಹಾಕು' ಅಂದ. ಅವನು ತೀರಿಕೊಂಡದ್ದು 2018ರ ಅಕ್ಟೋಬರಿನಲ್ಲಿ. ಆ ಆರೈಕೆಯಿಂದ ಅವನ ಆಯಸ್ಸು ಹೆಚ್ಚಿತೋ ಇಲ್ಲವೋ ನಾನು ಹೇಳಲಾರೆ. ಎಂಟು ತಿಂಗಳು ಮನೆಯವರ ನಡುವೆ ಇದ್ದ. 2016ರಲ್ಲೇ ಯಾರಾದರೂ ಹೀಗೆ ಕೂತು ಕೇಳಿದ್ದರೆ 30 ಕರೆಂಟೂ ಮುಗಿಸುತ್ತಿದ್ದ ಅನ್ನುವುದು ನನ್ನನ್ನು ಕೊರೆಯುವ ವಿಷಯ. ಈ ಆರೈಕೆ ಸಾಯುವವರಿಗೆ ಮಾತ್ರ ಅಂತ ನಾವು ತಿಳಿದಿದ್ದೇವೆ, ಅದು ತಪ್ಪು. ಚಿಕಿತ್ಸೆ ಶುರುವಾದ ದಿನದಿಂದ ಜೊತೆಗೇ ಬೇಕು.

'ಸುಸ್ತಿಗೆ ಮಲಗಿಸಿ' ಅನ್ನುವುದೂ ನಮ್ಮ ಇನ್ನೊಂದು ತಪ್ಪು. ಆದಷ್ಟು ನಡೆದಾಡಿದವರಿಗೇ ಸುಸ್ತು ಕಡಿಮೆ, ನಿದ್ದೆಯೂ ಬರುತ್ತದೆ. ರಕ್ತ ಕಡಿಮೆಯಾಗಿ ಬಂದ ಸುಸ್ತಾದರೆ ಅದನ್ನು ಪರೀಕ್ಷೆ ಮಾಡಿಸಬೇಕು. ಅತ್ತಿಗೆ ವಿಷಯ ಯಾರೂ ಕೇಳಲಿಲ್ಲ. ಎರಡು ವರ್ಷ ಅವರೂ ಮಲಗಿರಲಿಲ್ಲ. ನೋಡಿಕೊಳ್ಳುವವರಿಗೂ ಒಂದು ಅಂಕಪಟ್ಟಿ ಬೇಕು ಅನ್ನಿಸುತ್ತದೆ.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಇಂಥ ವಿಭಾಗವಿದೆ. ಕೊನೆಯ ಹಂತದವರಿಗೆ ಕರುಣಾಶ್ರಯ ಅಲ್ಲೇ ಇದೆ, ದುಡ್ಡು ಕೇಳುವುದಿಲ್ಲ. ಆದರೆ ನಾಲ್ಕು ಗಂಟೆಗೊಮ್ಮೆ ನುಂಗುವ ಮಾತ್ರೆಗೆ ಗುಂಡ್ಲುಪೇಟೆಯಿಂದ ಬೆಂಗಳೂರಿಗೆ ಓಡಾಡಲು ಆಗುತ್ತದೆಯೇ? ಮೈಸೂರಿಗಾದರೂ ಸುಮಾರು 60 ಕಿ.ಮೀ. ಒಬ್ಬರು ಹೋದರೆ ಜೊತೆಗೊಬ್ಬರು, ಹಸು ಕರೆಯಲು ಇನ್ನೊಬ್ಬರು. ಕೇಂದ್ರ ಸರ್ಕಾರ 2012ರಲ್ಲೇ ಇದಕ್ಕೊಂದು ರಾಷ್ಟ್ರೀಯ ಕಾರ್ಯಕ್ರಮ ಮಾಡಿದೆ. ಚಾಮರಾಜನಗರದಲ್ಲಿ 2016ರಿಂದ ಮೆಡಿಕಲ್ ಕಾಲೇಜಿದೆ, ಹಳ್ಳಿಹಳ್ಳಿಗೆ ಆಶಾ ಇದ್ದಾರೆ. ನನ್ನ ಅಭಿಪ್ರಾಯ ಇಷ್ಟು: ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಮಾತ್ರೆ, ಅದನ್ನು ಕೊಡಲು ಕಲಿತ ಒಬ್ಬ ಡಾಕ್ಟರು, ಮನೆಗೆ ಬಂದು ಕೇಳುವ ಒಬ್ಬ ನರ್ಸು ಇರಬೇಕು. ಗೊಬ್ಬರ ಸಿಗದಾಗ ರಸ್ತೆ ತಡೆ ಮಾಡುವ ನಾವು ಇದನ್ನು ಒಂದು ಸಲವೂ ಕೇಳಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ನಾನು ಇದನ್ನು ಬರೆದುಕೊಡಲಿದ್ದೇನೆ. ನಿಮ್ಮ ತಾಲ್ಲೂಕಿನಲ್ಲಿ ಏನಿದೆ, ಏನಿಲ್ಲ ಅಂತ ಕೇಳಿಕೊಂಡು ಬಂದು ಈ ಪತ್ರಿಕೆಗೆ ಬರೆಯಿರಿ.

ಅಷ್ಟರೊಳಗೆ ಯಾರ ಮನೆಯಲ್ಲಾದರೂ ಇಂಥ ರೋಗಿ ಇದ್ದರೆ, ಡಾಕ್ಟರ ಹತ್ತಿರ ಹೋಗುವ ಹಿಂದಿನ ರಾತ್ರಿ ಮೇಲಿನ ಪಟ್ಟಿ ಹಿಡಿದು ಕೂತು ಕೇಳಿ, ಅಂಕ ಬರೆದುಕೊಳ್ಳಿ, ಆ ಚೀಟಿಯನ್ನೇ ಡಾಕ್ಟರ ಕೈಗೆ ಕೊಡಿ. ನಾವು ಬರೆದದ್ದು ಡೇರಿಯ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ. ಮಕ್ಕಳನ್ನು ಆಚೆ ಕಳಿಸಿ ಕೇಳಿ. ನಾತದ ಮಾತು ಅವರೆದುರು ಬಾಯಿಗೆ ಬರುವುದಿಲ್ಲ.