ರಬ್ಬರಿನೊಳಗೆ ವಿದ್ಯುತ್ತಿನ ದಾರಿ

ಮೊಣಕೈ ಮಡಚಿದಾಗ ಅಲ್ಲಿನ ಚರ್ಮ ಸುಮಾರು ಶೇ. 30ರಷ್ಟು ಹಿಗ್ಗುತ್ತದೆ. ಸ್ನಾಯುವಿನ ಸಂಕೇತ ಹಿಡಿಯುವ ಪಟ್ಟಿಯೊಂದು ಆ ಚರ್ಮದ ಮೇಲೆ ದಿನವಿಡೀ ಇರಬೇಕಾದರೆ ಅದೂ ಅಷ್ಟೇ ಹಿಗ್ಗಬೇಕು, ಹಿಗ್ಗಿದಾಗಲೂ ವಿದ್ಯುತ್ ಕಡಿದುಹೋಗಬಾರದು. ಸಿಲಿಕಾನ್ ಬಿಲ್ಲೆ ಶೇ. 1ರ ಆಸುಪಾಸಿನಲ್ಲೇ ಸೀಳಿಬಿಡುತ್ತದೆ.

1977ರಲ್ಲಿ ಶಿರಾಕಾವಾ, ಮ್ಯಾಕ್‌ಡಿಯಾರ್ಮಿಡ್ ಮತ್ತು ಹೀಗರ್ ಪಾಲಿಅಸಿಟಿಲೀನ್ ಎಂಬ ಪಾಲಿಮರಿಗೆ ಅಯೋಡಿನ್ ಸೇರಿಸಿ ಅದರಲ್ಲಿ ವಿದ್ಯುತ್ ಹರಿಸಿದರು. 2000ದಲ್ಲಿ ಮೂವರಿಗೂ ನೊಬೆಲ್ ಬಂತು. ಪ್ಲಾಸ್ಟಿಕ್ಕೇ ತಂತಿಯಾದರೆ ಹಿಗ್ಗುವ ಉಪಕರಣ ಇನ್ನೇನು ದೂರವಿಲ್ಲ ಅನ್ನಿಸುವುದು ಸಹಜ. ಆದರೆ ಎಲೆಕ್ಟ್ರಾನುಗಳು ಓಡಾಡಲು ಬೇಕಾದ ಒಂಟಿ-ಜೋಡಿ ಬಂಧಗಳ ಸಾಲೇ ಅಣುಸರಪಳಿಯನ್ನು ಗಡುಸಾಗಿಸುತ್ತದೆ. ಇಂದು ಹೆಚ್ಚು ಬಳಕೆಯಲ್ಲಿರುವ ಪೆಡಾಟ್-ಪಿಎಸ್ಎಸ್ ಎಂಬ ವಾಹಕ ಪಾಲಿಮರಿನ ಪದರವೂ, ಏನೂ ಬೆರೆಸದಿದ್ದರೆ, ಶೇ. 5ರಷ್ಟು ಎಳೆಯುವಷ್ಟರಲ್ಲಿ ಬಿರುಕು ಬಿಡುತ್ತದೆ.

ಹಾಗಾದರೆ ರಬ್ಬರಿನೊಂದಿಗೆ ಬೆರೆಸಿದರೆ? ಈ ದಾರಿಯ ಪರವಾಗಿ ಹೇಳಲು ಬಹಳಷ್ಟಿದೆ. ಹೊಸ ಅಣುವನ್ನು ಕಟ್ಟಬೇಕಿಲ್ಲ. ಎಸ್ಇಬಿಎಸ್ ಎಂಬ ರಬ್ಬರು ಹಲ್ಲುಜ್ಜುವ ಬ್ರಷ್ಷಿನ ಮೆತ್ತನೆಯ ಹಿಡಿಗೂ ಬಳಕೆಯಾಗುವಷ್ಟು ಸಾಮಾನ್ಯ ವಸ್ತು. ಎರಡನ್ನೂ ಒಂದೇ ದ್ರಾವಕದಲ್ಲಿ ಕರಗಿಸಿ ತೆಳ್ಳಗೆ ಹರಡಿ ಒಣಗಿಸಿದರಾಯಿತು. ರಬ್ಬರೇ ಹೆಚ್ಚಿದ್ದರೆ ವಿದ್ಯುತ್ ಸಾಯುವುದಿಲ್ಲವೇ ಎಂಬ ಅನುಮಾನಕ್ಕೂ ಉತ್ತರವಿದೆ. ವಾಹಕ ಭಾಗ ಗುಂಡು ಕಣಗಳಾಗಿ ಚೆದುರಿದ್ದರೆ ಅವು ಒಂದಕ್ಕೊಂದು ತಾಗಲು ಒಟ್ಟು ಗಾತ್ರದ ಸುಮಾರು ಶೇ. 16 ಬೇಕು, ಉದ್ದನೆಯ ಎಳೆಗಳಾಗಿ ಹೆಣೆದುಕೊಂಡರೆ ಅದಕ್ಕಿಂತ ತೀರ ಕಡಿಮೆ ಸಾಕು. 2017ರಲ್ಲಿ ಸ್ಟ್ಯಾನ್‌ಫರ್ಡಿನ ಝೆನಾನ್ ಬಾವೊ ಅವರ ತಂಡ ಅರೆವಾಹಕ ಪಾಲಿಮರನ್ನು ಎಸ್ಇಬಿಎಸ್‌ನೊಳಗೆ ನ್ಯಾನೊ ಎಳೆಗಳ ಜಾಲವಾಗಿ ಕೂರಿಸಿತು. ಆ ಪದರವನ್ನು ಎರಡು ಪಟ್ಟು ಉದ್ದಕ್ಕೆ ಎಳೆದರೂ ವಿದ್ಯುತ್ ಕಣಗಳ ಓಟ ಕುಗ್ಗಲಿಲ್ಲ. ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಸರಪಳಿಗಳಿಗೆ ದೊಡ್ಡ ಹರಳಾಗಲು ಜಾಗವಿರಲಿಲ್ಲ, ಅದಕ್ಕೇ ಅವು ಮೆದುವಾಗಿ ಉಳಿದವು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸುಂದರ ಫಲಿತಾಂಶಗಳಲ್ಲಿ ಇದೊಂದು.

ಆಕ್ಷೇಪವೂ ಇಲ್ಲಿಂದಲೇ ಏಳುತ್ತದೆ. ಉದ್ದ ಸರಪಳಿಯ ಎರಡು ಪಾಲಿಮರುಗಳದು ಸಾಮಾನ್ಯವಾಗಿ ಎಣ್ಣೆ-ಸೀಗೆಕಾಯಿ ಸಂಬಂಧ, ತಾವಾಗಿ ಬೇರೆಯಾಗಲು ನೋಡುತ್ತವೆ. ಆ ಬೇರ್ಪಡುವಿಕೆ ನ್ಯಾನೊ ಮಟ್ಟದಲ್ಲೇ ನಿಂತರೆ ಜಾಲ ಸಿಗುತ್ತದೆ, ಮುಂದುವರಿದರೆ ಒಂದಕ್ಕೊಂದು ತಾಗದ ದ್ವೀಪಗಳು ಉಳಿಯುತ್ತವೆ. ದ್ರಾವಕ ಬದಲಾದರೆ, ಒಣಗುವ ವೇಗ ಏರುಪೇರಾದರೆ ಫಲವೇ ಬೇರೆ. ಗಾಜಿನ ತುಂಡಿನ ಮೇಲೆ ಒಲಿದದ್ದು ಮೀಟರುಗಟ್ಟಲೆ ಹಾಳೆಯಲ್ಲಿ ಒಲಿಯುತ್ತದೆಂಬ ಖಾತರಿಯಿಲ್ಲ. ಮತ್ತೆ ಮತ್ತೆ ಎಳೆದು ಬಿಟ್ಟಾಗ ರೋಧ ಮೊದಲಿನ ಮಟ್ಟಕ್ಕೆ ಮರಳದೆ ಹೋಗುವುದೂ ಉಂಟು.

ಅದಕ್ಕೇ ಹಲವು ರಸಾಯನಜ್ಞರು ಹಿಗ್ಗುವ ಗುಣವನ್ನು ಅಣುವಿನೊಳಗೇ ಹೆಣೆಯಬೇಕು ಅನ್ನುತ್ತಾರೆ. ಒಂದೇ ವಸ್ತುವಾದರೆ ಬೇರೆಯಾಗುವ ಭಯವೇ ಇಲ್ಲ. ಆದರೆ ಸರಪಳಿಯಲ್ಲಿ ಸೇರಿಸುವ ಪ್ರತಿಯೊಂದು ಮೆದು ತುಂಡೂ ಎಲೆಕ್ಟ್ರಾನುಗಳ ಹಾದಿಯನ್ನು ಅಲ್ಲಿ ಕಡಿಯುತ್ತದೆ, ತಯಾರಿಕೆಯ ಹಂತಗಳೂ ಖರ್ಚೂ ಏರುತ್ತವೆ. ರಬ್ಬರಿನ ಬದಲು ಅಯಾನುಗಳಿರುವ ಸಣ್ಣ ಅಣುಗಳನ್ನು ಪೆಡಾಟ್-ಪಿಎಸ್ಎಸ್‌ಗೆ ಬೆರೆಸುವ ಮೂರನೆಯ ದಾರಿಯೂ ಇದೆ. 2017ರಲ್ಲೇ ಹೀಗೆ ಎರಡು ಪಟ್ಟು ಉದ್ದಕ್ಕೆ ಎಳೆದ ಪದರದಲ್ಲಿ ಸೆಂಟಿಮೀಟರಿಗೆ 4,000 ಸೀಮನ್ಸ್‌ಗೂ ಮಿಕ್ಕ ವಾಹಕತೆ ದಾಖಲಾಯಿತು. ಪಾಲಿಮರಿನ ಲೆಕ್ಕದಲ್ಲಿ ಇದು ಅಪಾರ, ತಾಮ್ರದ್ದಾದರೋ ಸುಮಾರು 6 ಲಕ್ಷ. ಹಾಗಾಗಿ ಹೆಚ್ಚು ಕರೆಂಟು ಸಾಗಿಸುವ ತಂತಿಯ ಕೆಲಸಕ್ಕೆ ಹಾವಿನಂತೆ ಬಳುಕಿಸಿದ ಲೋಹದ ಗೆರೆಯೇ ವಾಸಿ.

ಚರ್ಮದ ಮೇಲಿನ ಪಟ್ಟಿಗೆ ಮಾತ್ರ ನಾನು ರಬ್ಬರ್ ಮಿಶ್ರಣದ ಪಕ್ಷ. ಅಲ್ಲಿ ಬೇಕಾದದ್ದು ಮೆದುತನ, ಅಗ್ಗದ ಬೆಲೆ, ಕೆಟ್ಟರೆ ಕಿತ್ತು ಬೇರೆ ಅಂಟಿಸುವ ಅನುಕೂಲ. ಮಿದುಳಿನ ಮೇಲೋ ಹೃದಯದ ಮೇಲೋ ವರ್ಷಗಟ್ಟಲೆ ಇರಬೇಕಾದ ಸಾಧನದ ಮಾತೇ ಬೇರೆ. ಅಲ್ಲಿಗೆ ಹೋಗುವ ಮುನ್ನ ಒಂದು ಸಲ ಎಷ್ಟು ಹಿಗ್ಗಿತು ಎಂಬ ಅಂಕಿಯಷ್ಟೇ ಸಾಲದು. ದೇಹದ ಉಪ್ಪುನೀರಿನಲ್ಲಿ ನೆನೆದು ಲಕ್ಷಾಂತರ ಸಲ ಹಿಗ್ಗಿ ಕುಗ್ಗಿದ ಮೇಲೆ ರೋಧ ಎಷ್ಟಿದೆ, ಎಳೆಗಳ ಜಾಲ ಹೇಗಿದೆ ಎಂಬುದನ್ನೂ ಅಳೆದು ತೋರಿಸಬೇಕು.